ಊಟದ ಮೇಜಿನ ಮೇಲೊಂದು ವಿಡಿಯೋ ಗೇಮ್ ಕಂಪನಿ

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಹೇಳುವುದು ನಮ್ಮಕ್ಕ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ, ಅಷ್ಟೇ! ಕಟ್ಟಿಕೊಂಡವಳಿಗಿಂತ ಚೆನ್ನಾಗಿ ಗೊತ್ತಿರುವವರು ಬೇರೆ ಯಾರಿದ್ದಾರು, ನೀವೇ ಹೇಳಿ? ಡಬ್ಲಿನ್ ಹೊರಗಿನ ಆಡಮ್ಸ್‌ಟೌನಿನಲ್ಲಿ ಸ್ವಂತ ಮನೆ, ಸಾಫ್ಟ್‌ವೇರ್ ಕೆಲಸ, ಹಿತ್ತಲಲ್ಲಿ ಕೊತ್ತಂಬರಿ ಸೊಪ್ಪು ಬೆಳೆಯುವಷ್ಟು ಜಾಗ ಎಲ್ಲವೂ ಇದ್ದ ಮನುಷ್ಯ, ಒಂದು ಸಂಜೆ ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ, "ರಾಜೀನಾಮೆ ಕೊಟ್ಬಿಟ್ಟೆ. ಇನ್ಮೇಲೆ ನಾನು ವಿಡಿಯೋ ಗೇಮ್ ಪಬ್ಲಿಷರ್ರು" ಅಂದರೆ ಅದಕ್ಕೇನೆನ್ನಬೇಕು?

ಹೋಗಲಿ, ಈಗಿನವರು ಫೋನಿನಲ್ಲಿ ಆಡುವಂಥ ಗೇಮಾದರೂ ಮಾಡುತ್ತಾರೆ ಎಂದುಕೊಂಡಿರಾ? ಎಲ್ಲಿ ಬಂತು! ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆ ನೆನಪಿದೆಯಲ್ಲ, ಕ್ಯಾಸೆಟ್ ಹಾಕಿ, ಅದು ಓಡದಿದ್ದರೆ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದೆವಲ್ಲ, ಆ ಪೆಟ್ಟಿಗೆಗೆ! ಅದನ್ನು ಈಗಲೂ ಇಟ್ಟುಕೊಂಡು ಆಡುವ ಮಹಾನುಭಾವರು ಪ್ರಪಂಚದಲ್ಲಿ ಅಲ್ಲಲ್ಲಿ ಇದ್ದಾರಂತೆ. ಅವರಿಗಾಗಿ ನಮ್ಮ ಭಾವ ಹೊಸ ಗೇಮು ಬರೆದು, ಕ್ಯಾಸೆಟ್ಟಿಗೆ ತುಂಬಿ, ಡಬ್ಬ ಮಾಡಿ, ಪೋಸ್ಟಿನಲ್ಲಿ ಕಳಿಸುವುದಂತೆ. "ಇಡೀ ಐರ್ಲೆಂಡಲ್ಲಿ ಮನೆಯಿಂದ ಹೀಗೆ ಕ್ಯಾಸೆಟ್ ಪಬ್ಲಿಷ್ ಮಾಡೋ ಕನ್ನಡಿಗ ನಾನೊಬ್ನೇ" ಎಂದು ಎದೆ ತಟ್ಟಿಕೊಂಡರು. ಪೈಪೋಟಿಗೆ ಯಾರು ನಿಂತಿದ್ದರೋ ನನಗಂತೂ ಗೊತ್ತಿಲ್ಲ!

ಕಂಪನಿಯ ಕಾರ್ಖಾನೆ, ಗೋದಾಮು, ಹೆಡ್ಡಾಫೀಸು ಎಲ್ಲವೂ ಒಂದೇ: ಅಕ್ಕನ ಊಟದ ಮೇಜು. ಅಕ್ಕ ಸ್ಲೈಗೋದ ಆಸ್ಪತ್ರೆಯಲ್ಲಿ ನರ್ಸು. ವಾರದಲ್ಲಿ ಅರ್ಧ ಅಲ್ಲೇ ರೂಮು ಮಾಡಿಕೊಂಡಿರುತ್ತಾಳೆ, ಉಳಿದರ್ಧ ಮನೆಗೆ ಬರುತ್ತಾಳೆ. ಅವಳು ರೈಲು ಹತ್ತಿದ ಕೂಡಲೇ ಮೇಜಿನ ಮೇಲೆ ಬೆಸುಗೆ ಹಾಕುವ ಕಡ್ಡಿ, ಪ್ಲಾಸ್ಟಿಕ್ ಡಬ್ಬಗಳು, ಅಂಟು, ಟೇಪು. ಅವಳು ರೈಲಿಳಿದು ಬಂದರೂ ಅವೇ! ಒಂದು ಸಲ ಸಾರಿನ ಪಾತ್ರೆ ಇಡಲು ಜಾಗವಿಲ್ಲದೆ ಕಿಟಕಿಯ ಕಟ್ಟೆಯ ಮೇಲಿಟ್ಟು ಬಡಿಸಿದಳು ಅಕ್ಕ. ಅವತ್ತೇ ಆಜ್ಞೆ ಹೊರಟಿತು.

"ನೋಡಿ, ಯುಗಾದಿ ಹೊತ್ತಿಗೆ ನನ್ನ ಮೇಜು ನಂಗೆ ವಾಪಸ್ ಬೇಕು. ಅಷ್ಟರೊಳಗೆ ನಿಮ್ಮ ಕಂಪನಿ ನೆಟ್ಟಗಾದ್ರೆ ಅದಕ್ಕೆ ಬೇರೆ ಜಾಗ ನೋಡ್ಕೊಳ್ಳಿ. ಇಲ್ವೋ, ಸುಮ್ನೆ ಬ್ಯಾಗ್ ತಗುಲಿಸ್ಕೊಂಡು ಮತ್ತೆ ಆಫೀಸಿಗೆ ಹೊರಡಿ."

"ಆಯ್ತು ಕಣೇ" ಅಂದರು ಭಾವ. ಆಮೇಲೆ ಅಕ್ಕ ಅತ್ತ ಹೋದ ಮೇಲೆ ನನ್ನ ಹತ್ತಿರ, "ಊರೆಲ್ಲಾ ಹುಚ್ಚ ಅನ್ಲಿ, ಬೇಜಾರಿಲ್ಲ ಕಣಮ್ಮಾ. ನಿಮ್ಮಕ್ಕ ಒಂದೇ ಒಂದ್ಸಲ ಪರವಾಗಿಲ್ಲ ಅಂದ್ರೆ ಸಾಕು" ಅಂದರು. ಎಂಥಾ ಆಸೆ ನೋಡಿ! ನಮ್ಮಕ್ಕನ ಬಾಯಲ್ಲಿ ಹೊಗಳಿಕೆ ಹೊರಡಿಸುವುದೆಂದರೆ ಸಾಮಾನ್ಯವೇ? ಇವರು ಬೆಳಗಿನಿಂದ ನಿಂತು ಬಿಸಿಬೇಳೆಭಾತ್ ಮಾಡಿ, ಮೇಲೆ ತುಪ್ಪ ಸುರಿದು, ಗೋಡಂಬಿ ಅಲಂಕಾರ ಮಾಡಿ ಮುಂದಿಟ್ಟರೂ, ಅವಳು ಎರಡು ಸಲ ಬಡಿಸಿಕೊಂಡು ಉಂಡು ಕೈ ತೊಳೆದು ಹೇಳುವುದು ಇಷ್ಟೇ: "ತಿನ್ಬೋದು." ಅದು ಅವಳ ಪದ್ಮಶ್ರೀ. ಅದಕ್ಕಿಂತ ದೊಡ್ಡ ಪ್ರಶಸ್ತಿ ಅವಳ ಬಳಿ ಇಲ್ಲ.

ಮೊದಲ ಗೇಮಿನ ಕಥೆ ಕೇಳಿ. ಹಿತ್ತಲಲ್ಲಿ ಒಂದು ತಂತಿ. ಬಿಸಿಲು ಬಂದರೆ ಬಟ್ಟೆ ಒಣಹಾಕಬೇಕು. ಮೋಡ ಕವಿದರೆ ಓಡಿಹೋಗಿ ಒಳಗೆ ತರಬೇಕು. ಬಿಸಿಲು, ಮೋಡ, ಮಳೆ, ಮತ್ತೆ ಬಿಸಿಲು. ಅಷ್ಟೇ ಗೇಮು! ದೊಡ್ಡ ಪಬ್ಲಿಷರುಗಳಿಗೆಲ್ಲ ಮೊದಲು ತೋರಿಸಿದರಂತೆ. ಅವರಲ್ಲೊಬ್ಬ, "ಇದರಲ್ಲಿ ಎನಿಮಿ ಯಾರು? ನಾವು ಯಾರ ಜೊತೆ ಹೊಡೆದಾಡಬೇಕು?" ಎಂದು ಕೇಳಿದನಂತೆ. ಭಾವನಿಗೆ ಮೈಯೆಲ್ಲ ಉರಿದುಹೋಯಿತು.

"ಐರ್ಲೆಂಡಲ್ಲಿ ಇದ್ಕೊಂಡು ಎನಿಮಿ ಯಾರು ಅಂತಾನಲ್ಲ! ಕಿಟಕಿ ತೆಗೆದು ನೋಡೋ ಅನ್ನು ಅವನಿಗೆ!"

"ಒಂದು ಸಿಡಿಲಾದ್ರೂ ಹಾಕಿ ಭಾವ, ಹೊಡೆದ್ರೆ ಸಾಯೋ ಹಾಗೆ. ಸ್ವಲ್ಪ ಮಜಾ ಇರತ್ತೆ" ಅಂದೆ ನಾನು.

"ನನ್ನ ಗೇಮಲ್ಲಿ ಯಾರೂ ಸಾಯಲ್ಲ. ಬಟ್ಟೆ ನೆನೆಯತ್ತೆ. ಸಂಸಾರಸ್ಥರಿಗೆ ಅದಕ್ಕಿಂತ ಕಷ್ಟ ಇನ್ನೇನು ಬೇಕು?"

ನಾನು ಡಬ್ಲಿನ್ನಿನದೇ ಇನ್ನೊಂದು ಮೂಲೆ ಟಾಲಾದಲ್ಲಿರುವವಳು, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟರ್. ವಾರವೆಲ್ಲ ಆಫೀಸಿನಲ್ಲಿ ತಪ್ಪು ಹುಡುಕಿ ಸುಸ್ತಾಗಿ, ಶನಿವಾರ ಅಕ್ಕನ ಮನೆಗೆ ಹೋಗಿ ನಾಲ್ಕು ದೋಸೆ ತಿಂದು ಮಲಗೋಣ ಎಂದರೆ ಭಾವ ಕೈಗೆ ದೋಸೆಯ ಬದಲು ಕಂಟ್ರೋಲರ್ ಕೊಡುತ್ತಿದ್ದರು. "ಭಾವ, ಸೀರೆ ತೆಗೆಯೋಕೆ ಹೋದ್ರೆ ಮನುಷ್ಯ ಗೋಡೆ ಒಳಗೇ ನುಗ್ಗಿಬಿಡ್ತಾನಲ್ಲ, ಇದು ಬಗ್ಗು" ಎಂದರೆ, "ಮಳೆ ಬಂದಾಗ ಬಾಗಿಲು ಯಾವ್ದು ಗೋಡೆ ಯಾವ್ದು ಅಂತ ಯಾರು ನೋಡ್ತಾರೆ? ನೀನು ಆಡು" ಎನ್ನುತ್ತಿದ್ದರು. ಇಂಥ ಡೆವಲಪರ್ ನನ್ನ ಆಫೀಸಿನಲ್ಲಿದ್ದಿದ್ದರೆ ನಾನು ಎಂದೋ ಕೆಲಸ ಬಿಟ್ಟು ಸನ್ಯಾಸ ತೆಗೆದುಕೊಳ್ಳುತ್ತಿದ್ದೆ.

ಅಂತೂ ಗೇಮು ಬಿಡುಗಡೆಯಾಯಿತು. ಬಿಡುಗಡೆ ಎಂದರೆ ಏನು, ಭಾವ ವೆಬ್‌ಸೈಟ್ ತೆರೆದು ಅದರ ಮುಂದೆ ಕೂತರು. ಕೂತೇ ಇದ್ದರು. ಊಟಕ್ಕೆ ಕರೆದರೆ ಬರಲಿಲ್ಲ. ನೊಣ ಕೂಡ ಬರಲಿಲ್ಲ, ಗಿರಾಕಿ ಎಲ್ಲಿಂದ ಬಂದಾನು! ಮುಖ ದಿನದಿನಕ್ಕೆ ಸಣ್ಣಗಾಗುತ್ತಾ ಬಂತು. ಬಿಸಿಬೇಳೆಭಾತಿಗೆ ಉಪ್ಪು ಹಾಕುವುದನ್ನೇ ಮರೆತರು. ಅಕ್ಕ ಅದನ್ನೂ ತಿಂದು ಏನೂ ಅನ್ನದೆ ಸ್ಲೈಗೋಗೆ ಹೋದಳು.

ಆ ವಾರವೇ ಮೊದಲ ಆರ್ಡರ್ ಬಂತು. ಬ್ರೀಡಾ ಎಂಬಾಕೆ, ಸ್ಲೈಗೋದಿಂದ! ಭಾವ ಹಾರಿ ಕುಣಿದು ಕೇಸರಿಭಾತ್ ಮಾಡಿದರು. "ಹೆಸರು ನೋಡಿದ್ರೇ ಗೊತ್ತಾಗತ್ತೆ, ವಯಸ್ಸಾದವ್ರು. ಸಮುದ್ರದ ಹತ್ರ ಮನೆ. ಬಟ್ಟೆ ಒಣಗಿಸೋ ಕಷ್ಟ ಅವರಿಗಲ್ದೆ ಇನ್ಯಾರಿಗೆ ಗೊತ್ತು!" ಎಂದು ಕಂಡವರ ಹಾಗೆ ವರ್ಣಿಸಿದರು. ಅವತ್ತಿನಿಂದ ಆಕೆ ಬ್ರೀಡಮ್ಮ ಆದರು.

ಕೇಸರಿಭಾತ್ ಇನ್ನೂ ಬಾಯಲ್ಲಿತ್ತು, ನನಗೆ ಅಕ್ಕನ ಫೋನು. ಹಿತ್ತಲಿಗೆ ಹೋಗಿ ಎತ್ತಿದೆ.

"ಬಾಯಿ ಬಿಟ್ಟೆ ಅಂದ್ರೆ ನೋಡು! ಬ್ರೀಡಾ ನಮ್ಮ ವಾರ್ಡಲ್ಲಿದ್ದು ರಿಟೈರ್ ಆದೋರು. ಅವರ ಹೆಸರಲ್ಲಿ ತಗೊಂಡಿದ್ದು ನಾನು."

"ಅಯ್ಯೋ ಅಕ್ಕ! ನೀನೇ ಕೇಳಿದ್ರೆ ಭಾವ ಸುಮ್ನೆ ಕೊಡ್ತಿರ್ಲಿಲ್ವೇನೇ?"

"ನಾನು ತಗೊಂಡ್ರೆ ಪಾಪ ಅಂತ ತಗೊಂಡ್ಲು ಅನ್ಕೋತಾರೆ. ಹೊರಗಿನೋರು ತಗೊಂಡ್ರೆ ಧೈರ್ಯ ಬರತ್ತೆ. ಅವರಿಗೆ ಗೊತ್ತಾದ ದಿನ ಆ ಮನುಷ್ಯ ಅಂಗಡಿ ಮುಚ್ಚಿ ಮೂಲೇಲಿ ಕೂತ್ಬಿಡ್ತಾರೆ. ನೆನಪಿರ್ಲಿ."

ಹೀಗೆ ನನ್ನ ತಲೆಯ ಮೇಲೆ ಈ ಗುಟ್ಟು ಬಂದು ಕೂತಿತು. ಇನ್ನೂ ಸ್ವಾರಸ್ಯ ಕೇಳಿ, ಅಕ್ಕ ಬರೀ ಕೊಂಡು ಸುಮ್ಮನಾಗಲಿಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ಗೇಮ್ ಪೆಟ್ಟಿಗೆಯನ್ನೂ ಹುಡುಕಿ ತಂದು, ಡ್ಯೂಟಿ ಮುಗಿಸಿ ಬಂದು ರೂಮಿನಲ್ಲಿ ಕೂತು ಆಡತೊಡಗಿದಳು! "ಆ ಕೆಂಪು ಟವಲ್ ಹೇಗೇ ತೆಗೆಯೋದು? ಪ್ರತಿ ಸಲ ನೆಂದುಹೋಗತ್ತೆ!" ಎಂದು ನನಗೆ ಫೋನು. ಮನೆಗೆ ಬಂದರೆ ಮಾತ್ರ, "ಏನ್ರೀ ಇದು, ಮೇಜಿನ ತುಂಬಾ ಕಸ!" ಒಂದು ದಿನ ಬ್ರೀಡಮ್ಮನ ಹೆಸರಿನಲ್ಲಿ ಸಂದೇಶ ಬಂತು, ಕೆಂಪು ಟವಲ್ ಬಹಳ ಕಷ್ಟ ಅಂತ. ಭಾವ ಆಗಲೇ ಕೂತು ಟವಲನ್ನು ಸುಲಭ ಮಾಡಿದರು. ಅಲ್ಲಿಂದಾಚೆ ಎಲ್ಲದಕ್ಕೂ ಬ್ರೀಡಮ್ಮನೇ. "ಇಷ್ಟು ಜೋರಾಗಿ ಓಡಿಸಿದ್ರೆ ಬ್ರೀಡಮ್ಮನ ಬೆರಳು ನೋಯಲ್ವಾ?" "ಈ ಬಣ್ಣ ಬ್ರೀಡಮ್ಮನ ಕಣ್ಣಿಗೆ ಕಾಣತ್ತಾ?" ಅಕ್ಕ ತಟ್ಟೆ ತೊಳೆಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ನಗು ತಡೆಯಲಾಗದೆ ಬಚ್ಚಲುಮನೆಗೆ ಓಡುತ್ತಿದ್ದೆ.

ಎರಡನೆಯ ಗೇಮು ಒಗ್ಗರಣೆ. ಈ ದೇಶದ ಬಾಡಿಗೆ ಮನೆಗಳಲ್ಲಿ ಸಾಸಿವೆ ಸಿಡಿಸಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಚಾವಣಿಯ ಹೊಗೆ ಅಲಾರಂ ಕಿರುಚಿಕೊಳ್ಳುತ್ತದೆ, ಒಬ್ಬರು ಕಿಟಕಿ ತೆಗೆಯಬೇಕು, ಒಬ್ಬರು ಕುರ್ಚಿ ಹತ್ತಿ ಟವಲ್ ಬೀಸಬೇಕು. ಅದೇ ಗೇಮು! ಒಗ್ಗರಣೆ ಸೀಯಬಾರದು, ಅಲಾರಂ ಕೂಗಬಾರದು. ಆಡಿ ನೋಡಿದ ನಾನೇ, "ಭಾವ, ಇದು ಚೆನ್ನಾಗಿದೆ" ಅಂದೆ. ಬ್ರೀಡಮ್ಮನ ಆರ್ಡರ್ ಮೊದಲೇ ಬಂದಿತ್ತು. ಟವಲಿನ ಗೇಮು ಕೊಂಡ ಬೇರೆ ಕೆಲವರದೂ ಬಂದಿತ್ತು. ಎಲ್ಲ ಸರಿಯಾಗಿತ್ತು, ಆದರೆ ನಡುವೆ ಆಯುಧಪೂಜೆ ಬಂತಲ್ಲ!

ಮೈಸೂರಿನವರಿಗೆ ಆಯುಧಪೂಜೆ ಎಂದರೆ ಕೇಳಬೇಕೆ? ಕಾರಿಗಾಯಿತು, ಬೆಸುಗೆ ಕಡ್ಡಿಗಾಯಿತು, ವೈಫೈ ಡಬ್ಬಿಗೂ ಆಯಿತು. ಕಳಿಸಲು ಸಿದ್ಧವಾಗಿದ್ದ ಕ್ಯಾಸೆಟ್ಟುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಒಂದೊಂದಕ್ಕೂ ಅರಿಶಿನ ಕುಂಕುಮ. ಅಕ್ಕ ಡ್ಯೂಟಿಯ ಮೇಲೆ ಸ್ಲೈಗೋದಲ್ಲಿದ್ದಳು. ಇದ್ದಿದ್ದರೆ ತಡೆಯುತ್ತಿದ್ದಳೇನೋ.

"ಭಾವ, ಮೇಲೆ ಇಟ್ರೆ ಸಾಲ್ದಾ? ಕ್ಯಾಸೆಟ್ ಬಾಯೊಳಗೆ ಯಾಕೆ ಹಚ್ತಿದೀರಾ?"

"ಕಾರಿಗೆ ಬಾನೆಟ್ ಎತ್ತಿ ಎಂಜಿನ್ನಿಗೇ ಹಚ್ಚಲ್ವಾ? ಇದರ ಜೀವ ಇರೋದು ಬಾಯಲ್ಲೇ. ಅಲ್ಲಿಗೇ ಹಚ್ಬೇಕು."

ಮಂಗಳಾರತಿಯಾಯಿತು. ಪಾರ್ಸೆಲ್ ಒಯ್ಯಲು ಪೋಸ್ಟಿನವನು ಬಂದ. ಅವನ ವ್ಯಾನಿನ ನಾಲ್ಕೂ ಚಕ್ರದ ಕೆಳಗೆ ಭಾವ ನಿಂಬೆಹಣ್ಣು ಇಟ್ಟರು! ಪಾಪ, ಆ ಮನುಷ್ಯ ಇಳಿದು ಒಂದು ಸುತ್ತು ಬಂದು ನೋಡಿ, "ನಾನು ಮುಂದೆ ಓಡಿಸಬೇಕಾ, ಹಿಂದಾ?" ಎಂದಷ್ಟೇ ಕೇಳಿದ. ಮುಂದೆ ಎಂದರು. "ಗ್ರ್ಯಾಂಡ್" ಎಂದು, ಅಂದರೆ ಇಲ್ಲಿನವರ ಮಾತಿನಲ್ಲಿ ಸರಿ ಬಿಡಿ ಎಂದು, ನಾಲ್ಕನ್ನೂ ಪಚಕ್ಕನೆ ಒಡೆದು ಹೋದ. ಒಳ್ಳೆಯ ಜನ ಈ ಊರಿನವರು.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಕ್ಯಾಸೆಟ್ಟಿನ ಬಾಯಲ್ಲಿ ಕುಂಕುಮ ಮೆತ್ತಿಕೊಂಡರೆ ಗೇಮು ಎಲ್ಲಿಂದ ಓಡಬೇಕು? ಓಡದಿದ್ದರೆ ಹಳೆಯ ಆಟಗಾರರು ಏನು ಮಾಡುತ್ತಾರೆ? ತೆಗೆದು ಊದುತ್ತಾರೆ! ಕಾರ್ಕ್ ಊರಿನವನು ಊದಿದ, ಗಾಲ್ವೇ ಊರಿನವನು ಊದಿದ, ಊದಿದವರ ಮುಖಕ್ಕೆಲ್ಲ ಕೆಂಪಗೆ ಹಾರಿತು. ಗಡ್ಡಧಾರಿ ಗಂಡಸರೆಲ್ಲ ಮುತ್ತೈದೆಯರಾದರು! ದೂರುಗಳ ಸುರಿಮಳೆ. ಒಬ್ಬ ತುಕ್ಕು ಎಂದ, ಒಬ್ಬ ಇಟ್ಟಿಗೆ ಪುಡಿ ಎಂದ, ಒಬ್ಬನಂತೂ ಇದು ರಕ್ತವೋ ಹೇಗೆ ಎಂದು ಗಾಬರಿಯಿಂದ ಕೇಳಿದ. ಕಂಪನಿ ಮುಗಿಯಿತು, ಯುಗಾದಿವರೆಗೂ ಕಾಯಬೇಕಾಗಿಲ್ಲ ಎಂದುಕೊಂಡೆ.

ಭಾವ ಸ್ವಲ್ಪವೂ ಅಲುಗದೆ ಎಲ್ಲರಿಗೂ ಒಂದೇ ಉತ್ತರ ಬರೆದರು: "ಅದು ಆಶೀರ್ವಾದ. ಒಣಬಟ್ಟೆಯಲ್ಲಿ ಒರೆಸಿ, ಗೇಮು ಓಡುತ್ತದೆ. ಒರೆಸಿದ್ದನ್ನು ಹಣೆಗಿಟ್ಟುಕೊಂಡರೆ ಇನ್ನೂ ಒಳ್ಳೆಯದು." ಒರೆಸಿದರು, ಓಡಿತು. ಕಾರ್ಕಿನವನು ಹಣೆಗಿಟ್ಟುಕೊಂಡ ತನ್ನ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿ, ನಾನು ಕೊಂಡ ಗೇಮಿಗೆ ಈವರೆಗೆ ಯಾರೂ ಇಷ್ಟು ಪ್ರೀತಿಯಿಂದ ಪೂಜೆ ಮಾಡಿರಲಿಲ್ಲ ಎಂದು ಬರೆದ. ಅಲ್ಲಿಂದ ಶುರುವಾಯಿತು ನೋಡಿ! ಬೆಲ್‌ಫಾಸ್ಟಿನಿಂದ ಆರ್ಡರು, ಜರ್ಮನಿಯಿಂದ ಆರ್ಡರು, ಎಲ್ಲರದೂ ಒಂದೇ ಕೋರಿಕೆ, "ಆಶೀರ್ವಾದ ಇರುವುದನ್ನೇ ಕಳಿಸಿ." ಭಾವ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿ ಬೇರೆಯಾಗಿ ಇಡತೊಡಗಿದರು. ಡಬ್ಬಗಳು ಮೇಜಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಚ್ಚಲ ತೊಟ್ಟಿಗೆ ಹರಡಿದವು. ಅಕ್ಕ ಬಂದವಳು, "ಈಗ ನಾನು ಸ್ನಾನ ಎಲ್ಲಿ ಮಾಡ್ಲಿ, ಜರ್ಮನೀಲಾ?" ಅಂದಳು.

ಹಾಗಂತ ಕಂಪನಿ ಬೇರೆ ಜಾಗ ಹಿಡಿಯುವಷ್ಟು ಬೆಳೆಯಲಿಲ್ಲ. ಯುಗಾದಿ ಹತ್ತಿರ ಬಂತು. ಸರಿಯಾಗಿ ಅದೇ ಹೊತ್ತಿಗೆ ಭಾವನ ಹಳೆಯ ಆಫೀಸಿನವರು ಮತ್ತೆ ಬನ್ನಿ ಎಂದು ಕರೆದರು. ಭಾವ ಮೇಜಿನ ಮೇಲಿನ ಬೆಸುಗೆ ಕಡ್ಡಿಯನ್ನು ಒರೆಸಿಟ್ಟು ಹೇಳಿದರು, "ನಿಮ್ಮಕ್ಕನಿಗೆ ಮಾತು ಕೊಟ್ಟಿದೀನಿ. ಹೋಗ್ತೀನಿ. ಆದ್ರೆ ಮುಚ್ಚೋಕೆ ಮುಂಚೆ ಬ್ರೀಡಮ್ಮನಿಗೆ ಒಂದು ಸನ್ಮಾನ ಆಗ್ಬೇಕು."

ನಾನು ಆಗಲೇ ಹೊರಗೆ ಓಡಿ ಅಕ್ಕನಿಗೆ ಫೋನು ಮಾಡಿದೆ. "ಅಯ್ಯೋ, ಈಗೇನೇ ಮಾಡೋದು?" ಅಂದಳು ಅವಳು. ಬೇಡವೆಂದು ಬಿಡಿಸಿ ಹೇಳಲು ಕಾರಣ ಬೇಕಲ್ಲ! ಅಕ್ಕ ಬ್ರೀಡಾಗೆ ಟ್ಯೂಷನ್ ಶುರು ಮಾಡಿದಳು. ಕೆಂಪು ಟವಲ್, ಸಾಸಿವೆ, ಅಲಾರಂ ಎಲ್ಲವನ್ನೂ ಬಾಯಿಪಾಠ ಮಾಡಿಸಿದಳಂತೆ. ಆ ತಾಯಿಗೆ ಟಿವಿಯ ರಿಮೋಟೇ ಸರಿಯಾಗಿ ಬಾರದು, ಇನ್ನು ಇದು!

ಭಾನುವಾರ ಭಾವ, ನಾನು ಕಾರಿನಲ್ಲಿ ಸ್ಲೈಗೋ ಸೇರಿದೆವು. ಜೊತೆಗೆ ಶಾಲು, ಹಣ್ಣಿನ ಬುಟ್ಟಿ, ಪ್ಲಾಸ್ಟಿಕ್ ಮಲ್ಲಿಗೆಯ ಹಾರ, ಮೈಸೂರು ಪೇಟ. ಆ ಪೇಟ ಭಾವ ಊರಿಂದ ತಂದಿಟ್ಟುಕೊಂಡಿದ್ದು, ಎಂದಾದರೊಂದು ದಿನ ತನಗೇ ಯಾರಾದರೂ ತೊಡಿಸಿಯಾರೆಂದು! ಅಕ್ಕ, "ನಂಗೂ ಇವತ್ತು ರಜ, ದಾರಿ ತೋರಿಸ್ತೀನಿ" ಎಂದು ನಮ್ಮ ಜೊತೆ ಬಂದಳು.

ಬ್ರೀಡಾ ಸೋಫಾದ ತುದಿಯಲ್ಲಿ ಕೂತಿದ್ದರು, ಪರೀಕ್ಷೆಗೆ ಬಂದವರ ಹಾಗೆ. ಭಾವ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು. "ನಿಮಗೆ ಯಾವ ಗೇಮು ತುಂಬಾ ಇಷ್ಟ?" ಎಂದು ಕೇಳಿದರು.

"ಎಲ್ಲವೂ ಗ್ರ್ಯಾಂಡ್, ಎಲ್ಲವೂ ಗ್ರ್ಯಾಂಡ್" ಅಂದರು ಬ್ರೀಡಾ. ಆಮೇಲೆ ಪಾಠ ನೆನಪಾಗಿ, "ಆ ಹಸಿರು ಟವಲ್ ಮಾತ್ರ ಕಷ್ಟ" ಎಂದು ಸೇರಿಸಿದರು. ಹಸಿರು! ಭಾವ ಕಂಟ್ರೋಲರ್ ಕೈಗೆ ಕೊಟ್ಟರು. ಆಕೆ ಅದನ್ನು ತಲೆಕೆಳಗಾಗಿ ಹಿಡಿದು ನಗುತ್ತಾ ಕೂತರು. ನಾನು ಕಣ್ಣು ಮುಚ್ಚಿಕೊಂಡೆ.

ಭಾವ ಏನೂ ಕಾಣದವರ ಹಾಗೆ ಎದ್ದು ನಿಂತು ಭಾಷಣ ಮಾಡಿದರು. "ಒಂದು ಕ್ಯಾಸೆಟ್ಟೂ ಹೋಗದೆ ನಾನು ಕುಗ್ಗಿಹೋಗಿದ್ದಾಗ ನೀವು ಕೊಂಡಿರಿ. ಬರೀ ಕೊಳ್ಳಲಿಲ್ಲ, ದಣಿದು ಬಂದು ಕೂತು ಆಡಿದಿರಿ. ತಪ್ಪಿದ್ದರೆ ತಪ್ಪು ಎಂದಿರಿ. ಆಮೇಲೆ ನಾನು ಮಾಡಿದ್ದೆಲ್ಲ ನಿಮಗೆ ಹಿಡಿಸಲಿ ಅಂತಲೇ. ಬೇರೆಯವರು ಕೊಂಡರೆ ಅದು ನನ್ನ ಅದೃಷ್ಟ." ಇಂಗ್ಲಿಷಿನಲ್ಲೇ ಹೇಳಿದರು, ಆದರೆ ಮನೆಯ ಮಾತಿನ ಹಾಗೆ ಮೆತ್ತಗೆ. ಬ್ರೀಡಾಗೆ ಪೇಟ ಕಣ್ಣಿನ ಮೇಲೆ ಜಾರಿತ್ತು. ಅಕ್ಕ, "ಟೀ ಮಾಡ್ತೀನಿ" ಎಂದು ಅಡಿಗೆಮನೆಗೆ ಹೋದಳು. ಕೆಟಲ್ ಕುದಿದು ಆರಿದ ಸದ್ದಾಯಿತು. ಅವಳು ಮಾತ್ರ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಕ್ಕನನ್ನು ಅವಳ ರೂಮಿಗೆ ಬಿಟ್ಟು ವಾಪಸು ಬರುವಾಗ ದಾರಿಯಲ್ಲಿ ಪೆಟ್ರೋಲ್ ಬಂಕಿನ ಹತ್ತಿರ ಕಾರು ನಿಲ್ಲಿಸಿ ಕಾಫಿ ಕುಡಿದೆವು. ಭಾವ ಕಪ್ಪು ಊದುತ್ತಾ, "ಕಂಟ್ರೋಲರ್ ಉಲ್ಟಾ ಹಿಡಿದ್ರು, ಅಲ್ವಾ?" ಅಂದರು. ನನಗೆ ಕಾಫಿ ನೆತ್ತಿಗೇರಿತು.

"ಭಾವ... ನಿಮಗೆ..."

"ಆಯುಧಪೂಜೆಯಿಂದ್ಲೇ ಗೊತ್ತು ಕಣಮ್ಮಾ. ಎಲ್ಲರೂ ಬೈದು ಬರೆದ್ರು. ಬ್ರೀಡಮ್ಮ ಒಬ್ರೇ ಒಂದು ಮಾತೂ ಬರೀಲಿಲ್ಲ. ಕೆಂಪಗೆ ಕಂಡ ತಕ್ಷಣ ಕುಂಕುಮ ಅಂತ ತಿಳ್ಕೊಂಡು, ಒರೆಸಿ ಹಣೆಗಿಟ್ಕೊಂಡು ಆಡೋಕೆ ಕೂರೋಳು ಸ್ಲೈಗೋದಲ್ಲಿ ಯಾರಿದಾರೆ ಹೇಳು?"

"ಮತ್ತೆ ಈ ಶಾಲು, ಪೇಟ, ಇಷ್ಟು ದೂರ..."

"ನಿಮ್ಮಕ್ಕನಿಗೆ ಹೇಳೋಕೆ ಹೋದ್ರೆ ಸುಮ್ನಿರಿ ಅಂತಾಳೆ. ಅದಕ್ಕೇ ಅವಳ ಮುಂದೆ ಬೇರೆಯವರಿಗೆ ಹೇಳ್ದೆ. ಕೇಳಿಸ್ಕೊಂಡ್ಲು, ಅಲ್ವಾ? ಅಷ್ಟು ಸಾಕು ನಂಗೆ. ನೀನು ಬಾಯಿ ಬಿಡ್ಬೇಡ."

ನನಗೆ ಅಳು ಬಂದುಬಿಟ್ಟಿತು. ಬಂಕಿನ ಮುಂದೆ ನಿಂತು ಅತ್ತೆ, ನಾಚಿಕೆಯಿಲ್ಲದೆ. ಮನೆ ಮುಟ್ಟುವ ಮೊದಲೇ ಅಕ್ಕನ ಫೋನು: "ಅವರಿಗೇನೂ ಗೊತ್ತಾಗ್ಲಿಲ್ಲ ತಾನೇ?" ಇಲ್ಲ ಅಕ್ಕ ಅಂದೆ. ಇಬ್ಬರ ಗುಟ್ಟನ್ನೂ ಹೊತ್ತುಕೊಂಡು ಓಡಾಡುವ ನನ್ನ ಪಾಡು ಯಾರಿಗೆ ಬೇಕು!

ಯುಗಾದಿಯ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಭಾವ ಎಣ್ಣೆ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಮೇಜಿನ ಮೇಲಿನ ಡಬ್ಬಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಟೇಪು ಕತ್ತರಿಸಿ ಕೊಡುತ್ತಿದ್ದೆ. ಅಕ್ಕ ಅಡಿಗೆಮನೆಯಿಂದ ಬಂದಳು. ಹಣೆಯಲ್ಲಿ ಅಗಲವಾದ ಕುಂಕುಮ. ಮೇಜನ್ನು ನೋಡಿದಳು, ಭಾವನನ್ನು ನೋಡಿದಳು, ಕೈಯಲ್ಲಿದ್ದ ಚಾಪೆಯನ್ನು ಕೊಡವಿ ನೆಲಕ್ಕೆ ಹಾಸಿದಳು. ಅದರ ಮುಂದೆ ತಟ್ಟೆಗಳನ್ನಿಟ್ಟಳು.

"ಮೇಜು ಖಾಲಿ ಆಗ್ತಿದೆ ಕಣೇ, ಇನ್ನೈದು ನಿಮಿಷ" ಅಂದರು ಭಾವ.

"ಏನೂ ಬೇಡ. ನೆಲದ ಮೇಲೆ ಕೂತು ಉಂಡ್ರೆ ಮೈಗೆ ಒಳ್ಳೇದು. ಬನ್ನಿ."

ಮೂವರೂ ಕೂತೆವು. ಬೇವು ಬೆಲ್ಲ ಆಯಿತು. ಕೋಸಂಬರಿ, ಪಲ್ಯ, ಮಾವಿನಕಾಯಿ ಚಿತ್ರಾನ್ನ ಬಂತು. ಭಾವ ತಲೆ ಎತ್ತದೆ ಉಣ್ಣುತ್ತಿದ್ದರು. ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾ ಅಕ್ಕ, ಅವರ ಮುಖ ನೋಡದೆ, ತಟ್ಟೆಗೆ ಹೇಳುವ ಹಾಗೆ ಹೇಳಿದಳು:

"ಆ ಒಗ್ಗರಣೆ ಗೇಮು... ಆಡ್ಬೋದು."

ಭಾವನ ಕೈಯಲ್ಲಿದ್ದ ಒಬ್ಬಟ್ಟು ಬಾಯಿಯವರೆಗೆ ಹೋಗಲಿಲ್ಲ. ಕಣ್ಣು ತುಂಬಿಕೊಂಡು ಹಾಗೇ ಕೂತುಬಿಟ್ಟರು. ಅಕ್ಕ ತುಪ್ಪ ಬಡಿಸುತ್ತಲೇ ಇದ್ದಳು, ತಟ್ಟೆಯಿಂದ ಚೆಲ್ಲಿ ಚಾಪೆಯ ಮೇಲೆ ಹರಿಯುವವರೆಗೂ.